ಇಲ್ಲದ ಗೋಡೆಯ ತಿರುವು

ಕಾರ್ಖಾನೆಯ ನಟ್ಟನಡುವೆ ಬ್ಯಾಟರಿ ಕೋಣೆ; ಕೋಣೆಯೊಳಗೆ ಹತ್ತೊಂಬತ್ತು ವರ್ಷದಿಂದ ಬ್ಯಾಟರಿ ಅಕ್ಕ. ಸರಕು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿಯ ಚಾರ್ಜು ಇಳಿದರೆ ಡ್ರೈವರು ಬಾಗಿಲ ಮುಂದೆ ಎರಡು ಸಲ ಹಾರ್ನ್ ಹೊಡೆಯಬೇಕು. ಅಕ್ಕ ಬಾಗಿಲು ತೆಗೆದು, ಮಣಭಾರದ ಬ್ಯಾಟರಿಯನ್ನು ಸರಪಳಿಗೆ ಸಿಕ್ಕಿಸಿ ಎತ್ತಿ, ಬೇರೊಂದನ್ನು ಕೂರಿಸಿ ಕಳಿಸುವಳು. ಆಸಿಡ್ಡಿನ ತೂತಿಲ್ಲದ ಬಟ್ಟೆ ಅವಳ ಹತ್ತಿರ ಒಂದೂ ಇರಲಿಲ್ಲ.

ಆಮೇಲೆ ಅನಿಲದಿಂದ ಓಡುವ ಫ್ಯುಯೆಲ್ ಸೆಲ್ ಗಾಡಿಗಳು ಬಂದವು. ಹೈಡ್ರೋಜನ್ ತುಂಬಿಸಲು ಮೂರೇ ನಿಮಿಷ, ಅದೂ ಕಾರ್ಖಾನೆಯ ಹೊರಗೆ. ಬ್ಯಾಟರಿಯೇ ಬೇಡವಾದ ಮೇಲೆ ಕೋಣೆ ಯಾರಿಗೆ ಬೇಕು? ಯಂತ್ರದಿಂದ ಲಾರಿಯವರೆಗೆ ದಾರಿ ನೇರವಾಗಲೆಂದು ಅದನ್ನು ಕೆಡವಿ ನೆಲ ಸಮ ಮಾಡಿದರು. ಜೊತೆಗೆ ಅಕ್ಕನ ನೌಕರಿಯೂ ಹೋಗುವುದಿತ್ತು. ಅವಳು ಬಿಡಬೇಕಲ್ಲ! ಹೊಸ ದಾರಿಯ ನಕ್ಷೆ ಹಾಕಿದ ಇಂಜಿನಿಯರಮ್ಮನ ಹತ್ತಿರ ಸೀದಾ ಹೋಗಿ, ತಾನೂ ಗಾಡಿ ಓಡಿಸಲು ಕಲಿಯುತ್ತೇನೆ ಎಂದಳು. ಇಂಜಿನಿಯರಮ್ಮ ಒಂದು ತಿಂಗಳು ಕೊಟ್ಟಳು. ಕೊನೆಗೆ ಪರೀಕ್ಷೆ: ಒಂದು ಗಂಟೆಯಲ್ಲಿ ಇಪ್ಪತ್ತು ಲೋಡು. ಆಗದಿದ್ದರೆ ಮನೆಯ ದಾರಿ.

ನೇರ ದಾರಿಯಲ್ಲಿ ಇಪ್ಪತ್ತು ಆಗಲೇಬೇಕೆಂದು ಇಂಜಿನಿಯರಮ್ಮನ ನಕ್ಷೆ ಹೇಳುತ್ತಿತ್ತು. ಆದರೆ ಪಳಗಿದ ಡ್ರೈವರುಗಳೂ ಹದಿನಾರು ದಾಟುತ್ತಿರಲಿಲ್ಲ. ಅವರಲ್ಲಿ ಹಿರಿಯನಾದ ಮೀಸೆಯಣ್ಣ, ಬಸವನಹುಳುವಿಗೂ ಓಟದ ಪಂದ್ಯವಂತೆ ಎಂದು ಅಕ್ಕನನ್ನು ಆಡಿಕೊಂಡು ನಕ್ಕ.

ಪರೀಕ್ಷೆಯ ದಿನ ಅಕ್ಕ ತುಂಬಿದ ಕೊಡ ಹೊತ್ತವಳ ಹಾಗೆ ನಿಧಾನವಾಗಿಯೇ ಓಡಿಸಿದಳು. ಗಂಟೆ ಮುಗಿದಾಗ ಲೋಡು ಇಪ್ಪತ್ತೊಂದು!

ಎಣಿಕೆ ತಪ್ಪಿದೆ ಎಂದು ಮೀಸೆಯಣ್ಣ ತಕರಾರು ತೆಗೆದ. ಹಾಗಾದರೆ ನೀವೇ ಓಡಿಸಿ ತೋರಿಸಿ ಎಂದು ಇಂಜಿನಿಯರಮ್ಮ ನಕ್ಷೆ ಬಿಟ್ಟು ಅವನ ಹಿಂದೆಯೇ ನಡೆದಳು. ಕೋಣೆಯಿದ್ದ ಖಾಲಿ ನೆಲ ಬಂತೋ ಇಲ್ಲವೋ, ಮೀಸೆಯಣ್ಣ ಗಾಡಿಯನ್ನು ಎಡಕ್ಕೆ ಹೊರಳಿಸಿ, ಇಲ್ಲದ ಗೋಡೆಯನ್ನು ಅಚ್ಚುಕಟ್ಟಾಗಿ ಸುತ್ತಿಕೊಂಡು ಹೋದ. ಅವನ ಹಿಂದಿನವನೂ ಅಷ್ಟೇ, ಅವನ ಹಿಂದಿನವನೂ ಅಷ್ಟೇ. ಗೋಡೆ ಬಿದ್ದ ಸುದ್ದಿ ಅವರ ಕೈಗಳಿಗೆ ಇನ್ನೂ ಮುಟ್ಟಿರಲೇ ಇಲ್ಲ.

ನೇರ ಹೋಗಬಹುದೆಂದು ನಿನಗೊಬ್ಬಳಿಗೇ ಹೇಗೆ ಹೊಳೆಯಿತು ಎಂದು ಇಂಜಿನಿಯರಮ್ಮ ಅಕ್ಕನನ್ನು ಕೇಳಿದಳು.

"ಹೊಳೆಯೋದೇನು ಬಂತು ಮೇಡಮ್? ಇವ್ರೆಲ್ಲ ಆ ಗೋಡೇನ ಹೊರಗಿಂದ ನೋಡಿದವ್ರು. ನಾನು ಒಳಗೇ ಇದ್ದೋಳು. ನಂಗೆ ಅದು ದಿನಾ ಓಡಾಡೋ ಜಾಗ."

ಮರುದಿನ ಬೆಳಿಗ್ಗೆ ಮೀಸೆಯಣ್ಣ ಲೋಡು ಹೊತ್ತು ಬಂದವನು ಹಳೇ ಬಾಗಿಲಿದ್ದ ಜಾಗದಲ್ಲಿ ನಿಂತುಬಿಟ್ಟ. ಎಡಕ್ಕೊಮ್ಮೆ ನೋಡಿದ. ಆಮೇಲೆ ಎರಡು ಸಲ ಹಾರ್ನ್ ಹೊಡೆದ.

ಎದುರಿನಿಂದ ಗಾಡಿ ಓಡಿಸಿಕೊಂಡು ಬರುತ್ತಿದ್ದ ಅಕ್ಕನಿಗೆ ಹಿಗ್ಗು ತಡೆಯಲಾಗಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬಾ ಅಣ್ಣ, ಬಾಗ್ಲು ತೆಗ್ದೇ ಇದೆ."