ಲಗಮಣ್ಣನ ಕುಲುಮೆ ತೆರೆದೇ ಇದೆ

ಕಸ್ತೂರೆವ್ವ ದೊಡ್ಡ ಸುತ್ತಿಗೆ ಎತ್ತುವುದನ್ನು ನೀವು ನೋಡಬೇಕು. ಅರವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದು ನಿಂತಳೆಂದರೆ ಐನಾಪುರದ ರಸ್ತೆಯಲ್ಲಿ ಹೋಗುವ ಬೈಕಿನವರು ತಾವಾಗಿಯೇ ನಿಧಾನವಾಗುತ್ತಾರೆ. ಗಂಡ ಲಗಮಣ್ಣ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿಯುತ್ತಿದ್ದ, ಇವಳು ಬಡಿಯುತ್ತಿದ್ದಳು. ಕಬ್ಬು ಕಡಿಯುವ ಕೊಯ್ತಾಕ್ಕೆ ಇವರ ಹದವೇ ಬೇಕೆಂದು ಮಹಾರಾಷ್ಟ್ರದ ಬೀಡ ಕಡೆಯ ಕಬ್ಬಿನ ಕೂಲಿಗಳ ಟೋಳಿಗಳು ಪ್ರತಿ ಹಂಗಾಮಿಗೂ ಇಲ್ಲಿಗೇ ಬರುತ್ತಿದ್ದವು. ಕಳೆದ ಬೇಸಿಗೆಯಲ್ಲಿ ಲಗಮಣ್ಣ ತೀರಿಕೊಂಡ. ದಿನಕರ್ಮ ಮುಗಿದ ಮರುದಿನವೇ ಅವಳು ಕುಲುಮೆ ಹೊತ್ತಿಸಿದಳು. ಇಕ್ಕಳ ಹಿಡಿಯಲು ಅವಳ ತಮ್ಮ ಬಾಳೇಶ ಬಂದು ನಿಂತ.

ಅಷ್ಟರಲ್ಲಿ ಯಾವ ಪುಣ್ಯಾತ್ಮನೋ ಮೊಬೈಲ್ ನಕ್ಷೆಯಲ್ಲಿ ‘ಲಗಮಣ್ಣನ ಕುಲುಮೆ: ಕಾಯಂ ಮುಚ್ಚಿದೆ’ ಎಂದು ಹಾಕಿಬಿಟ್ಟಿದ್ದ. ಮನುಷ್ಯ ಸತ್ತರೆ ಬೆಂಕಿಯೂ ಸಾಯುತ್ತದೆಯೇ? ನೋಡಿದ ದಿನ ನನಗೆ ಮೈಯೆಲ್ಲ ಉರಿಯಿತು.

ನಾನು ಮಯೂರಿ, ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯವಳು. ಐಗಳಿಯ ಕಂಬಳಿಯವರು, ಅಥಣಿಯ ಚಪ್ಪಲಿ ಹೊಲಿಯುವವರು, ಹೀಗೆ ಸಿಕ್ಕವರನ್ನೆಲ್ಲ ನಕ್ಷೆಗೆ ಏರಿಸುವ ಚಟ ನನಗೆ. ಬಿಟ್ಟಿ ಚಾಕರಿ ಎಂದು ಮನೆಯಲ್ಲಿ ಬೈಯುತ್ತಾರೆ, ಬೈಯಲಿ. ಆ ‘ಮುಚ್ಚಿದೆ’ಯನ್ನು ತೆಗೆಯಿರಿ ಎಂದು ಎಷ್ಟು ಸಲ ಬರೆದರೂ ನಕ್ಷೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಗಲಿ, ಹೊಸದೇ ಒಂದು ಗುರುತು ಹಾಕೋಣ ಎಂದು ಕುಲುಮೆಗೆ ಹೋದೆ. ಯಾವ ಹೆಸರು ಎಂದು ಕೇಳಿದಾಗ ಕಸ್ತೂರೆವ್ವ, ಅವರದೇ ಇರಲಿ ಎಂದಳು. ನಾನು ಬಿಟ್ಟೇನೇ? ಸುತ್ತಿಗೆ ನಿನ್ನದು, ಬೆವರು ನಿನ್ನದು, ಹೆಸರು ಮಾತ್ರ ಅವರದ್ಯಾಕೆ ಎಂದು ಜಗಳಕ್ಕೇ ಬಿದ್ದೆ. ನಿನ್ನಿಷ್ಟ ಎಂದು ಅವಳು ಸುತ್ತಿಗೆ ಎತ್ತಿಕೊಂಡಳು. ‘ಕಸ್ತೂರೆವ್ವನ ಕುಲುಮೆ’ ಎಂದು ಬರೆದು, ಅವಳ ನಂಬರ್ ಹಾಕಿ, ಎದೆ ಸೆಟೆಸಿಕೊಂಡು ಮನೆಗೆ ಬಂದೆ.

ದೀಪಾವಳಿ ಕಳೆಯಿತು, ಟೋಳಿಗಳ ಟ್ರ್ಯಾಕ್ಟರ್‌ಗಳು ಬರತೊಡಗಿದವು. ಟೋಳಿಯವರು ಮೊದಲು ಯಾರ ಕೈಗೆ ಕೊಯ್ತಾ ಕೊಡುತ್ತಾರೋ ಹಂಗಾಮು ಮುಗಿಯುವತನಕ ಅವನನ್ನು ಬಿಡುವುದಿಲ್ಲ. ಒಂದರ ಹಿಂದೆ ಒಂದು ಟ್ರ್ಯಾಕ್ಟರ್ ಕುಲುಮೆಯ ಮುಂದೆಯೇ ಹಾದುಹೋದವು, ಒಂದೂ ನಿಲ್ಲಲಿಲ್ಲ; ‘ಮುಚ್ಚಿದೆ’ ಎಂದು ನೋಡಿ ದಾರಿಯಲ್ಲೇ ಬೇರೆ ಕಡೆ ಕೊಟ್ಟು ಬಂದಿದ್ದರು. ಈ ಸಲ ಟೋಳಿ ಬಾರದಿದ್ದರೆ ನಿಪ್ಪಾಣಿಗೆ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತೇನೆ ಎಂದು ಬಾಳೇಶ ಹೇಳಿಯಾಗಿತ್ತು. ಇಕ್ಕಳ ಹಿಡಿಯುವವನಿಲ್ಲದೆ ಸುತ್ತಿಗೆ ಏಳುವುದಿಲ್ಲ. ನಕ್ಷೆಯ ಆ ಸುಳ್ಳು ನಿಜವಾಗುವುದಕ್ಕೆ ಅಷ್ಟೇ ಬಾಕಿ ಇತ್ತು.

ಅವತ್ತು ಬೆಳಿಗ್ಗೆ ನಾನು ಕುಲುಮೆಯಲ್ಲೇ ಇದ್ದೆ. ಫೋನು ಬಂತು. ಕಸ್ತೂರೆವ್ವನ ಕೈಯೆಲ್ಲ ಮಸಿ, ನಾನೇ ಸ್ಪೀಕರ್ ಹಾಕಿದೆ. ಸಂಭಾಜಿ ಮುಕಾದಮ, ಎಷ್ಟೋ ವರ್ಷದಿಂದ ಬರುತ್ತಿದ್ದ ಟೋಳಿಯ ಯಜಮಾನ. ಕಾಗವಾಡದ ನಾಕಾದಲ್ಲಿ, ಕರೆಂಟಿನ ಗಾಳಿಯಂತ್ರ ಇಟ್ಟ ಹೊಸ ಕುಲುಮೆಯ ಮುಂದೆ ನಿಂತಿದ್ದ. ಅಲ್ಲಿಯವರು ಆಗಲೇ ಕೊಯ್ತಾ ಇಳಿಸಿಕೊಳ್ಳತೊಡಗಿದ್ದಾರಂತೆ. ತನ್ನ ಹಳೆಯ ಕಮ್ಮಾರನದು ಮುಚ್ಚಿದೆ ಎಂದು ತೋರಿಸುತ್ತದೆ, ಅದೇ ಜಾಗದಲ್ಲಿ ಯಾರೋ ಕಸ್ತೂರೆವ್ವ ಅಂತ ಇದೆ, ಯಾರು ನೀವು ಎಂದು ಕೇಳಿದ. ಇಷ್ಟು ವರ್ಷ ಇವಳನ್ನು ವೈನಿ, ಅಂದರೆ ಅತ್ತಿಗೆ, ಎಂದವನೇ ಹೊರತು ಹೆಸರು ಕೇಳಿದವನಲ್ಲ. ಮಾತೆಲ್ಲ ಗಂಡನದೇ ಆಗಿದ್ದರಿಂದ ಅವಳ ದನಿಯೂ ಅವನಿಗೆ ಗುರುತಿಲ್ಲ.

“ನಾ ಅವರ ಮನಿಯಾಕಿರಿ,” ಎಂದಳು ಕಸ್ತೂರೆವ್ವ.

“ಯಾರ ಮನಿಯಾಕಿ? ನೀವ ಹೆಸರ ಹೇಳ್ರಿ. ನಾ ಹೇಳಿದ್ರ ಎಲ್ಲಾರೂ ಹೌದ ಅಂತಾರ. ಹ್ವಾದ ವರ್ಷ ಒಬ್ಬಾಂವ ಹಿಂಗ ಫೋನಿನ್ಯಾಗ ಹೌದ ಹೌದ ಅಂದು ಮೋಸ ಮಾಡ್ಯಾನ ನಮಗ.”

ಅವಳ ಬಾಯಿಗೆ ಹೆಸರು ಬರಲಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ದೇ ಕೊನೆ, ಆಮೇಲೆ ಅವಳ ಬಾಯಲ್ಲಿ ಆ ಹೆಸರು ಬಂದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಎಂದು ಅವ್ವ ಹೇಳಿ ಕಳಿಸಿದ್ದಳು. ರೇಷನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ, ಕೊನೆಗೆ ಅವನನ್ನು ಮಣ್ಣು ಮಾಡಿದ ದಿನವೂ ಬೇರೆಯವರೇ ಹೇಳಿದ್ದರು. ನಾನೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವಳು ಮಸಿಯ ಕೈ ಎತ್ತಿ ನನ್ನನ್ನೂ ತಡೆದಳು, ಬಾಳೇಶನನ್ನೂ ತಡೆದಳು.

ಹೇಳುವುದಿಲ್ಲವೆಂದರೆ ಇಲ್ಲೇ ಕೊಟ್ಟುಬಿಡುತ್ತೇನೆ ಎಂದ ಸಂಭಾಜಿ. ಅವನ ಹಿಂದೆ ಯಾರೋ ಕೊಯ್ತಾ ಎಣಿಸಿ ಇಳಿಸುವ ಸದ್ದು ನಮಗೂ ಕೇಳಿಸುತ್ತಿತ್ತು.

“ಲಗಮಣ್ಣ,” ಎಂದಳು. ಕೆಮ್ಮಿ ಮತ್ತೆ ಹೇಳಿದಳು. “ಲಗಮಣ್ಣನ ಮನಿಯಾಕಿರಿ ನಾ.”

ಆ ಕಡೆ ಎಣಿಸುವ ಸದ್ದು ನಿಂತಿತು. “ವೈನಿ,” ಎಂದ ಸಂಭಾಜಿ, ದನಿ ತಗ್ಗಿಸಿ. “ಅಂವ ಎಲ್ಲದಾನ ಹಂಗಾರ?”

“ಲಗಮಣ್ಣ ತೀರಿಕೊಂಡಾರ್ರಿ. ಕುಲಮಿ ತೀರಿಕೊಂಡಿಲ್ಲ. ಬರ್ರಿ.”

ಅಷ್ಟರಲ್ಲಿ ಲೈನು ಕಟ್ಟಾಯಿತು. ತಿರುಗಿ ಹಚ್ಚಿದರೆ ಹತ್ತಲಿಲ್ಲ. ಅವನು ಕೊನೆಯ ಮಾತು ಕೇಳಿದನೋ ಇಲ್ಲವೋ ದೇವರಿಗೇ ಗೊತ್ತು. ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬೆಂಕಿ ಮಾಡೆಂದು ಬಾಳೇಶನಿಗೆ ಹೇಳಿದಳು. ಬಾರದವರಿಗೆ ಇದ್ದಿಲು ಸುಡುವುದ್ಯಾಕೆ ಎಂದು ಅವನು ಗೊಣಗಿದ, ಆದರೂ ಗಾಳಿ ಹಾಕಿದ. ನಾನು ರಸ್ತೆಗೆ ಹೋಗಿ ನಿಂತೆ. ಎರಡು ಟ್ರ್ಯಾಕ್ಟರ್ ಬಂದವು, ಎರಡೂ ಮುಂದಕ್ಕೆ ಹೋದವು. ಬಿಸಿಲು ಏರಿತು. ಮೂರನೆಯದು ಬೇವಿನ ಗಿಡದ ಹತ್ತಿರ ನಿಧಾನವಾಗಿ ಒಳಗೆ ತಿರುಗಿತು.

ಸಂಭಾಜಿ ಇಳಿದು ಬಂದ. ಕೊಯ್ತಾಗಳ ಕಟ್ಟನ್ನು ಅಡಿಗಲ್ಲಿನ ಪಕ್ಕದಲ್ಲಿಟ್ಟು, ಲಗಮಣ್ಣ ಕೂರುತ್ತಿದ್ದ ಜಾಗಕ್ಕೆ ಕೈ ಮುಗಿದ. ಕಸ್ತೂರೆವ್ವ ಮೊದಲನೆಯದನ್ನು ಬೆಂಕಿಗೆ ಹಾಕಿದಳು.

ನಾನು ಮೊಬೈಲ್ ತೆಗೆದು, ನಕ್ಷೆಯಲ್ಲಿ ಹೆಸರು ತಿದ್ದಬೇಕು, ಏನು ಬರೆಯಲಿ ಎಂದು ಕೇಳಿದೆ.

“ಲಗಮಣ್ಣನ ಕುಲಮಿ ಅಂತ ಬರಿ,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಇನ್ನ ಯಾರ ಆಯುಷ್ಯ ಕಮ್ಮಿ ಆಗೂದೈತಿ, ತಂಗಿ?”