ರೆಪ್ಪೆ ಬಡಿಯಿರಿ

ಕದರಮಂಡಲಗಿಯ ಆಚೆಗಿರುವ ಒಂದು ಸಣ್ಣ ಊರಿನ ಅಂಗನವಾಡಿ ಟೀಚರ್ ನಾಗರತ್ನಾ ಇಪ್ಪತ್ತೆರಡು ವರ್ಷಗಳಲ್ಲಿ ಅರ್ಧ ಊರಿನ ಮೂಗು ಒರೆಸಿದಾಕೆ. ಆ ಮಕ್ಕಳು ಈಗ ಮೀಸೆ ಬಿಟ್ಟುಕೊಂಡು ಪಂಚಾಯ್ತಿ ಕಟ್ಟೆಯ ಮೇಲೆ ರಾಜಕೀಯ ಮಾತಾಡುವಾಗಲೂ ಅವಳಿಗೆ ಕಾಣುವುದು ಆ ಮೂಗೇ. ಯಾವ ಮನೆಯಲ್ಲಿ ಬಾಣಂತಿ, ಯಾವ ಕೂಸಿನ ತೂಕ ಎಷ್ಟು, ಎಲ್ಲ ಬಾಯಲ್ಲೇ ಇತ್ತು. ಇಷ್ಟು ದಿನ ಸರ್ಕಾರ ಅವಳ ಮಾತನ್ನು ನಂಬುತ್ತಿತ್ತು. ಈಗ ಅವಳ ಫೋನನ್ನು ನಂಬುತ್ತದೆ.

ಬಾಣಂತಿಗೆ ತಿಂಗಳ ಪೌಷ್ಟಿಕ ಆಹಾರದ ಪೊಟ್ಟಣ ಕೊಡಬೇಕಾದರೆ ಅವಳ ಮುಖವನ್ನು ಫೋನಿಗೆ ತೋರಿಸಬೇಕು. ‘ರೆಪ್ಪೆ ಬಡಿಯಿರಿ’ ಎನ್ನುತ್ತದೆ ಅದು. ಬಡಿಯಬೇಕು, ಒಂದೇ ಸಲ. ಗುರುತು ಹತ್ತಿದರೆ ಪೊಟ್ಟಣ. ಹತ್ತದಿದ್ದರೆ ಬಾಣಂತಿ ಎದುರಿಗೇ ಕೂತಿದ್ದರೂ ಆಕೆ ಇಲ್ಲ.

ಅವತ್ತು ಬೆಳಗ್ಗೆ ಸೂಪರ್‌ವೈಸರ್ ದುರ್ಗಾ ಮೇಡಂ ಫೋನ್ ಮಾಡಿದರು. “ನಾಗರತ್ನಾ, ಎಲ್ಲಾರದೂ ನೂರಕ್ಕ ನೂರು ಆಗೇತಿ. ನಿಮ್ಮದೊಂದ ತೊಂಬತ್ತೆಂಟಕ್ಕ ನಿಂತೈತಿ. ಸಂಜಿ ಐದರೊಳಗ ಮುಗಸ್ರಿ. ಇಲ್ಲಂದ್ರ ನಿಮಗ ನೋಟೀಸು, ಆಕಿಗೆ ಈ ತಿಂಗಳ ಪೊಟ್ಟಣಾ ಇಲ್ಲ.”

“ಒಬ್ಬಾಕಿನ ಉಳದಾಳ್ರಿ ಮೇಡಂ, ಮುಮ್ತಾಜಬಿ. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗ್ಯಾಳ.”

“ನನಗೂ ಮ್ಯಾಲಿನವರು ಬೈಯಾಕತ್ತಾರವಾ. ನಾ ಯಾರ ಮುಂದ ಅಳ್ಲಿ?”

ಮೇಲಿನವರಿಗೂ ಮೇಲಿನವರು ಇದ್ದರು. ಬೈಗುಳ ಎಲ್ಲಿಂದಲೋ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಾಗರತ್ನಾಳ ಹತ್ತಿರ ಬಂದು ನಿಂತಿತು. ಅದನ್ನು ಅವಳು ಇನ್ನೂ ಕೆಳಗೆ ದಾಟಿಸಬೇಕೆಂದರೆ, ಕೆಳಗಿದ್ದವರೆಲ್ಲ ಮೂರು ವರ್ಷದವರು. ಅವರನ್ನು ಸಹಾಯಕಿ ದೇವವ್ವನಿಗೆ ಒಪ್ಪಿಸಿ, ಪೊಟ್ಟಣವನ್ನು ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಳು.

ಮಾರುಕಟ್ಟೆಯ ಹಿಂದಿನ ಶೆಡ್ಡಿನಲ್ಲಿ ಕೆಂಪು ರಾಶಿಗಳ ನಡುವೆ ಮೂವತ್ತು ಹೆಂಗಸರು ಕೂತಿದ್ದರು. ಎಲ್ಲರ ಮುಖಕ್ಕೂ ಬಟ್ಟೆ, ಕಾಣುವುದು ಕಣ್ಣು ಮಾತ್ರ. ನಾಗರತ್ನಾ ನಾಲ್ಕು ಸಲ ಸೀನಿದಳು. ಆ ಕಣ್ಣು ನೋಡಿಯೇ ಮುಮ್ತಾಜಬಿಯನ್ನು ಗುರುತು ಹಿಡಿದಳು.

“ಏನ್ರಿ ಬಾಯಾರ, ಸರ್ಕಾರದ ನೌಕರಿ ಬ್ಯಾಸರಾತೇನು?” ಪಕ್ಕದ ರಾಶಿಯ ಮಂಗಳವ್ವ ಕೇಳಿದಳು. “ಬರ್ರಿ, ಕುಂದ್ರಿ. ಇಲ್ಲಿ ಜಾಗಾ ಐತಿ.”

ಮುಮ್ತಾಜಬಿ ಬಟ್ಟೆ ಸರಿಸಿದಳು. ಮುಖ ಮೆಣಸಿನಕಾಯಿಯ ಬಣ್ಣಕ್ಕೇ ತಿರುಗಿತ್ತು. ಫೋನು ರೆಪ್ಪೆ ಬಡಿಯಿರಿ ಎಂದಿತು. ಅವಳು ಪಟಪಟನೆ ಬಡಿದಳು. ‘ಮತ್ತೊಮ್ಮೆ ಪ್ರಯತ್ನಿಸಿ.’

“ಒಂದ ಸಲ ಬಡಿಯವಾ, ತಾಯಿ!”

“ನಾ ಬಡ್ಯಾಕತ್ತಿಲ್ರಿ ಅಕ್ಕಾರ. ಅವ ಬಡ್ಕೊಳ್ಳಾಕತ್ತಾವು.”

ಮಂಗಳವ್ವ ದಾರಿ ಹೇಳಿದಳು. “ಹೊರಗ ಗಾಳ್ಯಾಗ ಅರ್ಧಾ ತಾಸು ಕುಂದರ್ಸ್ರಿ, ಇಳೀತತಿ. ಖರೇ, ಆಕಿ ರಾಶಿ ಯಾರು ಮಾಡ್ತಾರ? ಇಲ್ಲಿ ಬುಟ್ಟಿ ಲೆಕ್ಕದ ಕೂಲಿ.”

ನಾಗರತ್ನಾ ಸೆರಗು ಸಿಕ್ಕಿಸಿ ಕೂತಳು. ಅರ್ಧ ತಾಸು ತೊಟ್ಟು ಬಿಡಿಸಿದಳು. ಅವಳು ಒಂದು ಬಿಡಿಸುವಷ್ಟರಲ್ಲಿ ಮಂಗಳವ್ವ ಐದು ಬಿಡಿಸಿ, ಆರನೆಯದನ್ನು ಹಿಡಿದು ನಗುತ್ತಿದ್ದಳು.

ಹೊರಗೆ ಮುಮ್ತಾಜಬಿ ಮುಖ ತೊಳೆದು ತಣ್ಣಗೆ ಕೂತಿದ್ದಳು. ಕೆಂಪು ಇಳಿದಿತ್ತು, ರೆಪ್ಪೆಗಳು ಹೇಳಿದ ಮಾತು ಕೇಳುತ್ತಿದ್ದವು. ಕಣ್ಣಂಚಿನಲ್ಲಿ ಮಾತ್ರ ಒಂದು ಹನಿ ಉಳಿದಿತ್ತು. ಇಪ್ಪತ್ತೆರಡು ವರ್ಷ ಕಂಡವರ ಮಕ್ಕಳ ಮುಖ ಒರೆಸಿದ ಕೈ ಅದು, ಯಾರನ್ನೂ ಕೇಳಲಿಲ್ಲ. ಹೆಬ್ಬೆರಳು ತಾನಾಗಿ ಹೋಗಿ ಹನಿಯನ್ನು ಒರೆಸಿಬಿಟ್ಟಿತು.

“ಯಾ ಅಲ್ಲಾ!” ಎಂದು ಮುಮ್ತಾಜಬಿ ಚೀರಿದಾಗಲೇ ಆ ಕೈ ಎಲ್ಲಿಂದ ಎದ್ದು ಬಂದದ್ದೆಂದು ನಾಗರತ್ನಾಳಿಗೆ ಹೊಳೆದದ್ದು.

ಕೊಡಗಟ್ಟಲೆ ನೀರು ಹಾಕಿದರು. ಕಣ್ಣು ಊದಿ ಮುಚ್ಚಿಕೊಂಡಿತು. ಆದರೂ ನಾಗರತ್ನಾ ನಾಚಿಕೆ ಬಿಟ್ಟು ಇನ್ನೊಮ್ಮೆ ಫೋನು ಹಿಡಿದಳು. ‘ಇದು ನೋಂದಾಯಿತ ಮುಖವಲ್ಲ’ ಎಂದಿತು ಅದು. ಈ ಸಲ ಅದರದ್ದೇನೂ ತಪ್ಪಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಮೇಡಂ ಫೋನ್ ಬಂತು. “ಆತೇನ?”

“ಆಕಿ ನನ್ನ ಮುಂದ ಅದಾಳ್ರಿ ಮೇಡಂ.”

“ನಿಮ್ಮ ಮುಂದ ಇದ್ದರ ಏನ್ ಬಂತವಾ, ಅದರಾಗ ಬರಬೇಕು. ಕಾರಣಾ ಒತ್ತಿ ಮುಗಸ್ರಿ. ನೋಟೀಸಿಗೆ ಉತ್ತರಾನೂ ಬರದು ಇಟ್ಕೋರಿ.”

ಕಾರಣಗಳು ಮೂರೇ ಇದ್ದವು: ಊರು ಬಿಟ್ಟಿದ್ದಾರೆ, ಮೃತಪಟ್ಟಿದ್ದಾರೆ, ನಿರಾಕರಿಸಿದ್ದಾರೆ.

“ಮೆಣಸಿನಕಾಯಿ ಅಂತ ಇಲ್ರಿ ಮೇಡಂ.”

“ಇದ್ದದ್ರಾಗ ಒಂದು ಒತ್ರಿ.”

ಮೊದಲನೆಯದನ್ನೋ ಎರಡನೆಯದನ್ನೋ ಒತ್ತಿದರೆ ಹೆಸರೇ ಪಟ್ಟಿಯಿಂದ ಹೋಗುತ್ತಿತ್ತು. ಮೂರನೆಯದಕ್ಕೆ ತಪ್ಪುವುದು ಈ ತಿಂಗಳ ಪೊಟ್ಟಣ ಮಾತ್ರ. ನಾಗರತ್ನಾ ಮೂರನೆಯದನ್ನು ಒತ್ತಿದಳು.

ಮುಮ್ತಾಜಬಿ ಒಂದು ಕಣ್ಣಿಗೆ ಒದ್ದೆ ಬಟ್ಟೆ ಹಿಡಿದುಕೊಂಡೇ ಇನ್ನೊಂದು ಕೈ ಚಾಚಿದಳು. “ಚೀಲದಾಗ ಐತಲ್ರಿ. ಕೊಡ್ರಿ, ಕೂಸು ಮನ್ಯಾಗ ಕಾಯ್ತಿರತತಿ.”

“ಕೊಟ್ರ ಸ್ಟಾಕಿನಾಗ ಒಂದು ಕಡಿಮಿ ಬರ್ತತವಾ.”

“ಮತ್ತ ಅದರಾಗ ಏನಂತ ಒತ್ತಿದ್ರಿ?”

“ನೀ ಬ್ಯಾಡ ಅಂದೀ ಅಂತ.”

ಮುಮ್ತಾಜಬಿ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು, ತೆರೆದಿದ್ದ ಒಂದೇ ಕಣ್ಣಿನಿಂದ ಟೀಚರನ್ನು ನೋಡಿದಳು.

“ನಾ ಯಾವಾಗ ಅಂದ್ನಿರಿ, ಅಕ್ಕಾರ?”