ಓದಿ ಹೇಳುವುದು ಬಾಕಿ

ಕಚೇರಿಯಿಂದ ಬಂದ ನಮೂನೆಯಲ್ಲಿ ಎರಡೇ ಪ್ರಶ್ನೆಗಳಿದ್ದವು. ಹೊಸ ಲ್ಯಾಪ್‌ಟಾಪ್ ಕೆಲಸಕ್ಕೆ ಅನುಕೂಲವಾಗಿದೆಯೇ? ಅದನ್ನು ನಂಬಬಹುದೇ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಪತ್ರಿಕೆಗೆ ಬರೆಯುವವರೆಲ್ಲ ಉತ್ತರಿಸಬೇಕಿತ್ತು. ಮಧುಗಿರಿಯಲ್ಲಿದ್ದು ಪಾವಗಡವನ್ನೂ ನೋಡಿಕೊಳ್ಳುವ ನಾನು ಮೊದಲನೆಯದಕ್ಕೆ ಹೌದು ಎಂದು ಬರೆದು ಎರಡನೆಯದನ್ನು ಖಾಲಿ ಬಿಟ್ಟಿದ್ದೆ.

ಯಂತ್ರ ಹಗುರವಾಗಿತ್ತು. ಅದರೊಳಗೆ ಹೆಚ್ಚೇನೂ ಉಳಿಯುವುದಿಲ್ಲ; ಬರೆದದ್ದು ಬರೆದಂತೆ ಇಂಟರ್ನೆಟ್ಟಿನ ಮೂಲಕ ಎಲ್ಲೋ ಇರುವ ಕ್ಲೌಡ್‌ಗೆ ಹೋಗುತ್ತದೆ. ಕೊರಟಗೆರೆಯ ಗೆಳೆಯನದು ಖಾಸಗಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಒಡೆಯಿತು. ಬೇರೆಯದನ್ನು ಕೊಟ್ಟರು, ಪಾಸ್‌ವರ್ಡ್ ಹಾಕಿದೊಡನೆ ಅವನ ಅರ್ಧ ಬರೆದ ವರದಿ ಅರ್ಧದಲ್ಲೇ ಕಾದು ಕೂತಿತ್ತು. ಶಿರಾದ ಗೆಳೆಯನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಕಿರಾಯಿ ಮನೆ ಭಾಯ್ ಇದು," ಎಂದ ಫೋನಿನಲ್ಲಿ. "ಬೀಗದ ಕೈ ನಮ್ಮ ಜೇಬಲ್ಲೈತೆ ಅಂತ ಖುಷಿ. ಇನ್ನೊಂದು ಎಷ್ಟು ಜನರ ಹತ್ರ ಐತೋ ಯಾರಿಗ್ಗೊತ್ತು?"

ನಾನು ನಕ್ಕುಬಿಟ್ಟೆ. ಆ ಯಂತ್ರ ಬಂದ ಮೇಲೆ ನೋಟ್‌ಬುಕ್ ಒಯ್ಯುವುದನ್ನೂ ಬಿಟ್ಟಿದ್ದೆ.

ಆ ವಾರ ಸೋಲಾರ್ ವಿದ್ಯುತ್ ಘಟಕಕ್ಕೆ ಗುತ್ತಿಗೆ ಕೊಡುವ ಹೊಲಗಳಲ್ಲಿರುವ ಸಮಾಧಿಗಳ ಬಗ್ಗೆ ಬರೆಯುತ್ತಿದ್ದೆ. ಈ ಕಡೆಯ ಶೈವ ಮನೆತನಗಳಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದುಂಟು. ತಿರುಮಣಿ ದಾರಿಯಲ್ಲಿ ಗುಡ್ಡದ ಮರೆಗಿರುವ ಒಂದು ಸಣ್ಣ ಊರಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ತಮ್ಮ ಗಂಡನ ಸಮಾಧಿಯನ್ನು ಗುತ್ತಿಗೆ ಪತ್ರದಿಂದ ಹೊರಗಿಡಿಸಲು ಹೆಣಗುತ್ತಿದ್ದರು. ಹೊಲ ಒಂದೇ ತುಂಡಾಗಿ ಹೋಗಲಿ, ಸಮಾಧಿಯನ್ನು ಬೇರೆ ಕಡೆ ಮಾಡಿಸೋಣ ಎನ್ನುವುದು ಮೈದುನಂದಿರ ವಾದ. ಶುಕ್ರವಾರ ಹಿರಿಯರು ಕೂತು ತೀರ್ಮಾನಿಸುವವರಿದ್ದರು. ನನ್ನ ಬರಹ ಬರುವುದೂ ಅದೇ ಬೆಳಿಗ್ಗೆ.

ಹೆಸರು ಹಾಕಬೇಡಿ, ಆದರೆ ಮಾತು ಹಾಕಿ ಎಂದಿದ್ದ ಆಕೆ ಒಂದು ಷರತ್ತು ವಿಧಿಸಿದ್ದರು. "ಓದಿ ಯೋಳ್ದೆ ಹೆಬ್ಬೆಟ್ಟು ಒತ್ತೋ ಜನ ಅಲ್ಲ ಕಣಪ್ಪ ನಾವು. ನಿನ್ನ ಪೇಪರ್ಗೂ ಅಷ್ಟೇ."

ಹಾಗಾಗಿ ಗುರುವಾರ ಓದಿ ಹೇಳಲು ಹೋದೆ. ಮಧ್ಯಾಹ್ನ ಎರಡು ಗಂಟೆಗೆ ಪುಟ ಅಚ್ಚಿಗೆ ಹೋಗಬೇಕಿತ್ತು. ಆಕೆಯ ಜಗಲಿಯ ಮೇಲೆ ಕೂತು ಯಂತ್ರ ತೆರೆದರೆ ಫೈಲಿನ ಹೆಸರು ಕಾಣುತ್ತಿತ್ತು, ಒಳಗಿನ ಬರಹ ತೆರೆದುಕೊಳ್ಳಲಿಲ್ಲ. ಊರಿನಲ್ಲಿ ಸಿಗ್ನಲ್ಲೇ ಇರಲಿಲ್ಲ. ಬೇಕಾದ ಫೈಲನ್ನು ಮೊದಲೇ ಗುರುತು ಹಾಕಿ ಯಂತ್ರದಲ್ಲಿ ಇಳಿಸಿಕೊಳ್ಳಬಹುದಿತ್ತು. ಮಧುಗಿರಿಯಲ್ಲಿ ನೆಟ್ ಚೆನ್ನಾಗಿದ್ದುದರಿಂದ ಅದು ಹೊಳೆದೇ ಇರಲಿಲ್ಲ. ಗುಡ್ಡದಾಚೆ ಸಾಲುಸಾಲು ಸೋಲಾರ್ ಫಲಕಗಳು ಕಣ್ಣು ಕುಕ್ಕುವಂತೆ ಮಿನುಗುತ್ತಿದ್ದವು. ನಾನು ಎದ್ದು, ಕೂತು, ಅಂಗಳದ ನಾಲ್ಕೂ ಮೂಲೆಗೆ ಹೋಗಿ ಬಂದೆ.

"ಓದಕ್ಕೆ ಬಂದೋನು ಪುಸ್ತಕನೇ ಬುಟ್ಟು ಬಂದಂಗಾಯ್ತು," ಎಂದರು ಆಕೆ. "ಕೂತ್ಕೊ ಅತ್ಲಾಗೆ. ನೆಪ್ಪಿದ್ದಷ್ಟು ಬಾಯಲ್ಲೇ ಯೋಳು."

ನೆನಪಿನಿಂದ ಹೇಳುತ್ತ ಹೋದೆ. ಗಂಡನ ಸಮಾಧಿಗೆ ಹೋಗಿಬರಲು ಒಂದು ಕಾಲುದಾರಿ ಬಿಟ್ಟರೆ ಸಾಕು ಎಂಬಲ್ಲಿಗೆ ಬಂದಾಗ ಆಕೆ ಕೈಯೆತ್ತಿ ತಡೆದರು.

"ಕಾಲುದಾರಿ ಅಂತ ನಾನಂದಿಲ್ಲ. ಗಾಡಿ ಹಿಡಿಯೋವಷ್ಟು ದಾರಿ ಬೇಕು. ನಾಳೆ ನನ್ನನ್ನೂ ಅಲ್ಲಿಗೇ ಹೊರ್ಬೇಕಲ್ಲ, ಹೆಗ್ಲು ಕೊಡೋರು ಬೇಲಿ ತರ್ಚಿಸ್ಕೊಂಡು ನಡೀತಾರಾ?"

ಮೊದಲ ದಿನ ಆಕೆ ಬರೀ ದಾರಿ ಎಂದಿದ್ದರು. ಕಾಲು ಸೇರಿಸಿದವನು ನಾನು. ಒಪ್ಪಿಕೊಂಡು, ತಿದ್ದುವುದಾಗಿ ಹೇಳಿ ಹೊರಟೆ.

ಪಾವಗಡದ ರಸ್ತೆಯ ಏರಿನಲ್ಲಿ ಸಿಗ್ನಲ್ ಸಿಕ್ಕಿತು. ಬೈಕಿನ ಸೀಟಿನ ಮೇಲೆ ಯಂತ್ರವಿಟ್ಟು ಫೈಲ್ ತೆರೆದೆ. ನಾನು ತಿದ್ದಬೇಕಿದ್ದ ವಾಕ್ಯ ಅಲ್ಲಿರಲಿಲ್ಲ. ಆ ಜಾಗದಲ್ಲಿ, 'ಸಮಾಧಿಗೆ ಬೇರೆ ಜಾಗ ಕೊಡಬೇಕು ಎನ್ನುತ್ತಾರೆ ಆಕೆ' ಎಂದಿತ್ತು. ಅದು ಮೈದುನಂದಿರ ಮಾತು. ಬೆಳಗಾದರೆ ಅವರ ವಾದ ಆಕೆಯ ಬಾಯಿಂದಲೇ ಅಚ್ಚಾಗಿ ಹಿರಿಯರ ಮುಂದೆ ಬರುತ್ತಿತ್ತು.

ಮೊದಲು ನಾನು ಕಳಿಸುವವರೆಗೆ ಬರಹ ನನ್ನದಾಗಿತ್ತು. ಈಗ ನಾನು ಬರೆಯುತ್ತಿರುವಾಗಲೇ ಅದು ಕಚೇರಿಯಲ್ಲಿ ತಿದ್ದುವ ಡೆಸ್ಕಿನವರ ಮುಂದೂ ತೆರೆದಿರುತ್ತದೆ. ಮೇಲ್ಗಡೆ 'ಓದಿ ಹೇಳುವುದು ಬಾಕಿ' ಎಂದು ಬರೆದಿಟ್ಟಿದ್ದೆ. ಅದನ್ನೂ ಅಳಿಸಿದ್ದರು. ಆದರೆ ಯಾರು, ಎಷ್ಟು ಹೊತ್ತಿಗೆ, ಯಾವ ಪದ ತೆಗೆದರು ಎಂಬುದನ್ನೂ ಅದೇ ಯಂತ್ರ ಸಾಲಾಗಿ ತೋರಿಸಿತು. ಕಾಗದದ ಕಾಲದಲ್ಲಿ ಇದು ಅಚ್ಚಾದ ಮೇಲೆ ಗೊತ್ತಾಗುತ್ತಿತ್ತು.

ಡೆಸ್ಕಿಗೆ ಫೋನ್ ಮಾಡಿದೆ. ಪುಟದಲ್ಲಿ ಮೂರು ಸಾಲು ಹೆಚ್ಚಾಗಿತ್ತಂತೆ, ಅದಕ್ಕೇ ಮೊಟಕು ಮಾಡಿದರಂತೆ. "ಅರ್ಥ ಒಂದೇ ಅಲ್ವಾ ಸಾರ್?" ಎಂದರು ಉಪಸಂಪಾದಕರು. ಅಲ್ಲ ಎಂದೆ. ಮೂರು ಸಾಲನ್ನು ನನ್ನ ಪೀಠಿಕೆಯಲ್ಲಿ ಕಡಿದು, ಆಕೆಯ ವಾಕ್ಯವನ್ನು ಗಾಡಿ ದಾರಿ, ಹೆಗಲು ಕೊಡುವವರ ಮಾತು ಸಮೇತ ಕೂರಿಸಿ, ಉಪಸಂಪಾದಕರಿಂದ ಫೋನಿನಲ್ಲೇ ಓದಿಸಿ ಕೇಳಿದೆ. ಎರಡಾಗಲು ಹತ್ತು ನಿಮಿಷವಿತ್ತು. ಪುಟ ಹೋದ ಮೇಲೂ ಸಂಜೆಯೊಳಗೆ ಮೂರು ಸಲ ಫೈಲ್ ತೆರೆದು ನೋಡಿದೆ. ನಮೂನೆಯ ಎರಡನೇ ಪ್ರಶ್ನೆಗೆ ಹೀಗೆ ಉತ್ತರಿಸಿದೆ: ಬರೆದದ್ದು ಕಳೆಯುವುದಿಲ್ಲ ಎಂದು ನಂಬಬಹುದು, ಬರೆದಂತೆಯೇ ಇರುತ್ತದೆ ಎಂದು ನಂಬಬಾರದು.

ಮರುದಿನ, ಹಿರಿಯರು ಸೇರುವ ಮೊದಲೇ, ಪತ್ರಿಕೆ ಹಿಡಿದು ಅದೇ ಜಗಲಿಯಲ್ಲಿ ಓದಿದೆ. ಮೈದುನಂದಿರಿಬ್ಬರೂ ಇದ್ದರು. ಅವರಲ್ಲಿ ದೊಡ್ಡವನು ಆ ಸಾಲನ್ನು ಇನ್ನೊಮ್ಮೆ ಓದಿಸಿದ. ಹೆಗಲು ಕೊಡುವವರ ಮಾತು ಬಂದಾಗ ತಲೆ ತಗ್ಗಿಸಿ, "ಆಯ್ತು ಬುಡತ್ಲಾಗೆ, ಗಾಡಿ ದಾರಿ ಅಂತ್ಲೇ ಪತ್ರದಲ್ಲಿ ಬರ್ಸಣ," ಎಂದ.

ಆಕೆ ಪತ್ರಿಕೆಯನ್ನು ಇಸಿದುಕೊಂಡು ಆ ಸಾಲು ಎಲ್ಲಿದೆ ಎಂದು ನನ್ನಿಂದ ಬೆರಳಿಡಿಸಿ ನೋಡಿಕೊಂಡರು.

"ಬೈಗಿನೊತ್ಗೆ ಇದು ಬದ್ಲಾಗಕಿಲ್ಲ ತಾನೆ?"

"ಇಲ್ಲಮ್ಮ," ಎಂದೆ. "ಅಚ್ಚಾಗಿದೆ."

ಆಕೆ ಅದನ್ನು ಎರಡು ಮಡಿಕೆ ಮಾಡಿ ವಿಭೂತಿ ಇಡುವ ಗೂಡಿನೊಳಗೆ ತಳ್ಳಿದರು.